ಬೆಳ್ಳಿ ಬಣ್ಣ ಬಳಿಸಿಕೊಂಡ ಆಂಟೆನಾ

ನಮ್ಮ ಮಾಲೀಕನಿಗೆ ಕಣ್ಣಿದ್ದದ್ದು ಬಣ್ಣ ನೋಡಲು ಮಾತ್ರ. ಎಪ್ಪತ್ತರ ದಶಕದ ಕೊನೆಯಲ್ಲಿ ಬೈಲಹೊಂಗಲದ ಅವನ ರೇಡಿಯೊ ವರ್ಕ್‌ಶಾಪಿನಲ್ಲಿ ನಾನು ಕೆಲಸಕ್ಕಿದ್ದೆ. ದೊಡ್ಡ ಗಿರಾಕಿ ಬರುತ್ತಾರೆಂದರೆ ಸಾಕು, ಡಬ್ಬಿ ತೆಗೆದು ಕಿಟಕಿಯ ಸರಳು, ಸ್ಟೂಲು, ನೀರಿನ ಪೈಪು ಎಲ್ಲಕ್ಕೂ ತಾನೇ ಬೆಳ್ಳಿ ಬಣ್ಣ ಬಳಿಯುತ್ತಿದ್ದ. ಒಳಗಿನ ಕೆಲಸ ಹಾಳಾಗಿ ಹೋಗಲಿ, ಹೊರಗೆ ಮಿಂಚಬೇಕು. ಇಂಥವನ ಕೈಕೆಳಗೆ ದುಡಿಯುವುದೇ ನನಗೆ ಅಸಹ್ಯವಾಗಿತ್ತು.

ಮುನವಳ್ಳಿ ಕಡೆ ಕಾಲುವೆ ಕೆಲಸ ಹಿಡಿದಿದ್ದ ಗುತ್ತಿಗೆದಾರರೊಬ್ಬರ ಜೀಪುಗಳಲ್ಲಿ ವೈರ್‌ಲೆಸ್ ಇತ್ತು. ಅದರ ಉದ್ದನೆಯ ಆಂಟೆನಾ ಕಡ್ಡಿ ಜಾಲಿ ಟೊಂಗೆಗೆ ಸಿಕ್ಕು ಮೇಲಿಂದ ಮೇಲೆ ಮುರಿಯುತ್ತಿತ್ತು. ನಾನು ತಾಮ್ರ ಅಂಟಿಸಿದ ಬೋರ್ಡಿನ ಮೇಲೆ ನಕಾಶೆ ಬರೆದು, ಬೇಡದ ತಾಮ್ರವನ್ನು ದ್ರಾವಣದಲ್ಲಿ ಕರಗಿಸಿ, ಊಟದ ತಾಟಿನಷ್ಟಗಲದ ಚಪ್ಪಟೆ ಆಂಟೆನಾ ಮಾಡಿದೆ. ಮೊದಲು ಮಾಡಿದವು ಒಂದೇ ಚಾನೆಲ್ಲಿಗೆ ಒಗ್ಗಿ, ಪಕ್ಕದ್ದಕ್ಕೆ ಮೂಕವಾಗುತ್ತಿದ್ದವು. ತಾಮ್ರದ ನಡುವೆ ಸಣ್ಣ ಸೀಳುಗಳನ್ನು ಬಿಟ್ಟ ಮೇಲೆ ಅವರ ಮೂರೂ ಚಾನೆಲ್ಲುಗಳು ಹಿಡಿದವು. ಆರು ತಿಂಗಳ ಕೆಲಸ. ಗುತ್ತಿಗೆದಾರರು ಒಪ್ಪಿದರೆ ಅದು ಎಲ್ಲ ಜೀಪುಗಳ ಮೇಲೂ ಏರುತ್ತಿತ್ತು. ಇಲ್ಲದಿದ್ದರೆ ನಾನು ಮತ್ತೆ ಕೆಟ್ಟ ಟ್ರಾನ್ಸಿಸ್ಟರುಗಳ ಧೂಳು ಒರೆಸಬೇಕಿತ್ತು.

ಪರೀಕ್ಷೆಯ ದಿನ ಬೆಳಿಗ್ಗೆ ಬಂದು ನೋಡಿದರೆ ಆಂಟೆನಾ ಬೆಳ್ಳಗೆ ಹೊಳೆಯುತ್ತಿತ್ತು. ಸೀಳುಗಳೆಲ್ಲ ಮುಚ್ಚಿಹೋಗಿದ್ದವು.

"ಹೆಂಗೈತಿ? ಬರೇ ತಾಮ್ರ ಭಿಕಾರಿ ಕಾಣತಿತ್ತು," ಎಂದ ಮಾಲೀಕ, ಕುಂಚ ಹಿಡಿದುಕೊಂಡೇ.

ಆ ಬಣ್ಣದಲ್ಲಿದ್ದದ್ದು ಅಲ್ಯುಮಿನಿಯಂ ಪುಡಿ. ಸೀಳುಗಳಲ್ಲಿ ಲೋಹ ತುಂಬಿದ ಮೇಲೆ ಅವು ಇದ್ದೂ ಇಲ್ಲದಂತೆ; ಆಂಟೆನಾ ಕೆಟ್ಟಿತೆಂದು ಅಲ್ಲೇ ಗೊತ್ತಾಯಿತು. ಬಣ್ಣ ಇನ್ನೂ ಹಸಿಯಾಗಿತ್ತು. ಸೀಮೆಎಣ್ಣೆಯಲ್ಲಿ ಒರೆಸಿದ್ದರೆ ಅರ್ಧ ತಾಸಿನ ಕೆಲಸ. ನಾನು ಒರೆಸಲಿಲ್ಲ. ಗಿರಾಕಿಯ ಎದುರೇ ಈ ದಡ್ಡನ ಮಾನ ಹರಾಜಾಗಲಿ ಎಂದು ಕೈಕಟ್ಟಿ ನಿಂತೆ. ಖುಷಿಯೇ ಆಗಿತ್ತು.

ಗುತ್ತಿಗೆದಾರರು ಅದನ್ನು ಜೀಪಿಗೆ ಕಟ್ಟಿಸಿಕೊಂಡು ಸಂಪಗಾಂವದ ಹಾದಿ ಹಿಡಿದರು. ವರ್ಕ್‌ಶಾಪಿನ ವೈರ್‌ಲೆಸ್ ಸೆಟ್ಟಿನಲ್ಲಿ ಅವರ ದನಿಯ ಬದಲು ಬರೀ ಗೊರಗೊರ. ತಿರುಗಿ ಬಂದು ಆಂಟೆನಾದ ಮೇಲೆ ಕೈಯಾಡಿಸಿದರು.

"ಫಿನಿಶಿಂಗ್ ಭಾರಿ ಮಾಡೀರಿ, ಸಾವ್ಕಾರ್ರ. ಆದ್ರ ಇವ್ರ ಡಿಸೈನ್ ನಡೆಂಗಿಲ್ಲ ಬಿಡ್ರಿ. ನಮಗ ಹಳೇ ಕಡ್ಡೀನ ಹಾಕಿ ಕೊಡ್ರಿ."

ಮಾಲೀಕ ನನ್ನತ್ತ ಕನಿಕರದಿಂದ ನೋಡಿದ. ನನಗೆ ತಡೆಯಲಾಗಲಿಲ್ಲ.

"ಡಿಸೈನ್ ಬರೋಬ್ಬರಿ ಐತ್ರಿ. ಇವರು ಬಣ್ಣ ಹಚ್ಚಿದ್ದಕ್ಕ ಕೆಟ್ಟೈತಿ."

"ಹಚ್ಚಿದ್ದು ನಿಮಗ ಯಾವಾಗ ಗೊತ್ತಾತು?" ಎಂದು ಗುತ್ತಿಗೆದಾರರು ಕೇಳಿದರು.

"ಮುಂಜಾನೆ."

"ಗೊತ್ತಿದ್ದೂ ನನ್ನ ಸಂಪಗಾಂವ ತನಕ ಓಡಾಡ್ಸಿದ್ರೇನು?"

ಗುತ್ತಿಗೆದಾರರು ಮಾಲೀಕನಿಗೆ ಮಾತ್ರ ನಮಸ್ಕಾರ ಮಾಡಿ ಜೀಪು ಹತ್ತಿದರು.