ಮುಟ್ಟಿದ ಕುದುರೆ

ಚೆಸ್ ಟೂರ್ನಿಗೆ ಹೋದರೆ ಮೊದಲ ದಿನವೇ ಲಾಡ್ಜು ಹಿಡಿಯಬೇಡಿ. ಎರಡನೆಯ ದಿನ ಸಂಜೆಗೆ, ಆಡಿದ್ದೆಲ್ಲ ಸೋತವರು ಗಂಟುಮೂಟೆ ಕಟ್ಟುತ್ತಾರೆ, ಕೋಣೆಗಳು ಖಾಲಿಯಾಗುತ್ತವೆ, ಮ್ಯಾನೇಜರನ ದನಿ ಇಳಿಯುತ್ತದೆ. ಅಲ್ಲಿಯವರೆಗೆ ರೈಲ್ವೆ ವೇಟಿಂಗ್ ರೂಮು ಸಾಕು. ಹದಿನಾರು ವರ್ಷ ನಾನು ಹೀಗೇ ಊರೂರು ತಿರುಗಿ ಆಡಿದೆ. ಬೇರೆ ಹುಡುಗಿಯರ ಜೊತೆ ಅಪ್ಪ, ಅಮ್ಮ, ಕೋಚು, ಲ್ಯಾಪ್‌ಟಾಪು ಬರುತ್ತಿದ್ದವು. ನನ್ನ ಜೊತೆ ಒಂದು ಸಣ್ಣ ಕುಕ್ಕರು ಬರುತ್ತಿತ್ತು.

ನಮ್ಮೂರು ಕೇಣಿಯಲ್ಲಿ ಅಪ್ಪ ದೋಣಿಗೆ ಹೋಗುತ್ತಿದ್ದ, ಅವ್ವಿ ಅಂಕೋಲೆ ಪೇಟೆಯಲ್ಲಿ ಮೀನು ಮಾರುತ್ತಿದ್ದಳು. ಬೊಬ್ರುವಾಡದ ಒಬ್ಬ ನಿವೃತ್ತ ಮಾಸ್ತರರ ಮನೆಗೆ ವಾರಕ್ಕೆರಡು ಸಲ ಮೀನು ಕೊಟ್ಟು ಬರುವುದು ನನ್ನ ಕೆಲಸ. ಅವರಿಗೆ ಚೆಸ್ಸಿನ ಹುಚ್ಚು, ಎದುರಿಗೆ ಕೂರಲು ಜನವಿಲ್ಲ. ಜಗಲಿಯಲ್ಲಿ ಕೂರಿಸಿ ಕಲಿಸಿದರು. ಎರಡು ವರ್ಷಕ್ಕೆ ಅವರನ್ನು ಸೋಲಿಸಿದೆ, ಐದು ವರ್ಷಕ್ಕೆ ಜಿಲ್ಲೆಯನ್ನು. ಆಮೇಲೆ ಇದೇ ನನ್ನ ಕಸುಬು ಎಂದು ನಿರ್ಧರಿಸಿದೆ. ತಡೆಯುವಷ್ಟು ಚೆಸ್ ತಿಳಿದವರು ಮನೆಯಲ್ಲಿ ಯಾರೂ ಇರಲಿಲ್ಲ.

ಆದರೆ ಎದುರಿನವರ ಮುಖ ಓದುವುದನ್ನು ಕಲಿತದ್ದು ಮೀನುಪೇಟೆಯಲ್ಲಿ. ಚಾಲಾಕಿ ಗಿರಾಕಿಗೆ ದುಬಾರಿ ಮೀನು ಇಸ್ವಾಣ ಬೇಕಿದ್ದರೆ ಅವಳು ಇಸ್ವಾಣವನ್ನು ನೋಡುವುದೇ ಇಲ್ಲ. ಬಂಗಡೆಯನ್ನು ಎತ್ತುತ್ತಾಳೆ, ಕಿವಿರು ಬಿಡಿಸುತ್ತಾಳೆ, ಹೊಟ್ಟೆ ಅದುಮುತ್ತಾಳೆ, ಮೂಗು ಮುರಿದು ಇಡುತ್ತಾಳೆ. ಮಾರುವವಳು ಬಂಗಡೆಯ ಗುಣಗಾನ ಮಾಡಿ ಮಾಡಿ ಸುಸ್ತಾದ ಮೇಲೆ, ಹೋಗುತ್ತಾ ಹೋಗುತ್ತಾ, ಇದೆಷ್ಟಕ್ಕೆ ಎಂದು ಇಸ್ವಾಣದ ಕಡೆ ಗದ್ದ ತೋರಿಸುತ್ತಾಳೆ. ನಾನು ಇದನ್ನೇ ಬೋರ್ಡಿಗೆ ತಂದೆ. ಆನೆಯನ್ನು ನಡೆಸಬೇಕೆಂದಿದ್ದರೆ ಕುದುರೆಯ ಮೇಲೆ ಕೈ ತೂಗಾಡಿಸುತ್ತಿದ್ದೆ. ಎದುರಿನವಳ ಕಣ್ಣು ಕುದುರೆಯ ಹಿಂದೆ ಹೋಗುತ್ತಿತ್ತು, ಅವಳ ಗಡಿಯಾರ ಓಡುವಾಗಲೂ ತಲೆಯಲ್ಲಿ ಕುದುರೆಯೇ ಇರುತ್ತಿತ್ತು. ಎಷ್ಟೋ ಆಟ ಇದರಿಂದ ಗೆದ್ದಿದ್ದೇನೆ, ನಾಚಿಕೆಯೇನಿಲ್ಲ.

ನನಗೆ ಬೇಕಿದ್ದದ್ದು ವನಿತಾ ಇಂಟರ್‌ನ್ಯಾಷನಲ್ ಮಾಸ್ಟರ್ ಎಂಬ ಪಟ್ಟ. ಅದಕ್ಕೆ ಮೂರು ದೊಡ್ಡ ಟೂರ್ನಿಗಳಲ್ಲಿ ಗೊತ್ತುಮಾಡಿದ ಮಟ್ಟಕ್ಕೆ ಆಡಿ ತೋರಿಸಬೇಕು. ಒಂದೊಂದು ಸಲಕ್ಕೂ ಒಂದು ನಾರ್ಮ್ ಎನ್ನುತ್ತಾರೆ. ಪಟ್ಟ ಇದ್ದವರನ್ನು ಟೂರ್ನಿಯವರೇ ಕರೆಯುತ್ತಾರೆ, ಇರಲು ಕೋಣೆ ಕೊಡುತ್ತಾರೆ. ಆಟ ನಿಲ್ಲಿಸಿದ ಮೇಲೂ ಡಬ್ಲ್ಯು, ಐ, ಎಂ ಎಂಬ ಆ ಮೂರು ಅಕ್ಷರ ಹೆಸರಿನ ಹಿಂದೆ ನಿಂತು ಅನ್ನ ಹಾಕುತ್ತವೆ. ನನ್ನ ಬಳಿ ಎರಡು ನಾರ್ಮ್ ಇದ್ದವು.

ಮೂರನೆಯದು ಪುಣೆಯಲ್ಲಿ ಕೈಗೆ ಬಂದಿತ್ತು. ಕೊನೆಯ ಸುತ್ತಿನಲ್ಲಿ ಗೆದ್ದರೆ ಮುಗಿಯಿತು. ಎದುರಿಗಿದ್ದವಳು ನನಗಿಂತ ಹತ್ತು ವರ್ಷ ಚಿಕ್ಕವಳು. ಮೂವತ್ತನೆಯ ನಡೆಯ ಹೊತ್ತಿಗೆ ಅವಳ ರಾಜ ಮೂಲೆಯಲ್ಲಿ ಸಿಕ್ಕಿಬಿದ್ದಿದ್ದ, ನನ್ನ ಆನೆ ಒಂದು ಸಾಲು ಮುಂದೆ ಹೋದರೆ ಸಾಕಿತ್ತು. ಸುಮ್ಮನೆ ಆನೆ ಎತ್ತಿ ಇಡಬಹುದಿತ್ತು. ಅಷ್ಟು ಗೆದ್ದ ಆಟದಲ್ಲಿ ನಾಟಕ ಯಾಕೆ ಬೇಕಿತ್ತು ಎಂದು ನೀವು ಕೇಳಬಹುದು, ನಾನೂ ಕೇಳಿಕೊಂಡಿದ್ದೇನೆ. ಕೈ ತಾನಾಗಿಯೇ ಕುದುರೆಯ ಮೇಲೆ ಹೋಯಿತು. ಬೆರಳ ತುದಿ ಅದರ ಕಿವಿಗೆ ತಾಗಿತು.

ಮುಟ್ಟಿದ ಕಾಯಿಯನ್ನೇ ನಡೆಸಬೇಕು ಎನ್ನುವುದು ಚೆಸ್ಸಿನಲ್ಲಿ ಮಕ್ಕಳಿಗೂ ಗೊತ್ತಿರುವ ನಿಯಮ. ನನ್ನ ರಾಜನಿಗೆ ಕಾವಲಿದ್ದದ್ದು ಆ ಕುದುರೆಯೊಂದೇ. ಹುಡುಗಿ ಗಡಿಯಾರ ನಿಲ್ಲಿಸಿ ಕೈ ಎತ್ತಿದಳು. ತೀರ್ಪುಗಾರರು ಬಂದರು, ವಯಸ್ಸಾದವರು, ಮೆತ್ತಗಿನ ಮಾತು. ಅವರು ನೋಡಿರಲಿಲ್ಲ. ಪಕ್ಕದ ಬೋರ್ಡಿನವರೂ ನೋಡಿರಲಿಲ್ಲ. ಕುದುರೆ ಮುಟ್ಟಿದಿರಾ ಎಂದು ನನ್ನನ್ನೇ ಕೇಳಿದರು.

ಇಲ್ಲ ಎಂದಿದ್ದರೆ ಅವಳ ಮಾತು, ನನ್ನ ಮಾತು, ಸಾಕ್ಷಿಯಿಲ್ಲ, ಆಟ ಮುಂದುವರಿಯುತ್ತಿತ್ತು. ಹೌದು ಎಂದಿದ್ದರೆ ಪ್ರಾಮಾಣಿಕಳು ಎಂಬ ಹೆಸರಾದರೂ ಉಳಿಯುತ್ತಿತ್ತು. ನಾನು ಎರಡನ್ನೂ ಬಿಟ್ಟು ಚೌಕಾಸಿಗೆ ಇಳಿದೆ. ತಾಗಿದ್ದು ಸ್ವಲ್ಪವೇ ಸರ್, ಮನೆಯ ನಡುವೆ ಸರಿಯಾಗಿ ಕೂರಿಸಲು ಹೋಗಿದ್ದೆ ಎಂದೆ. ಸರಿಪಡಿಸುತ್ತೇನೆ ಅಂತ ಮುಟ್ಟುವ ಮೊದಲೇ ಹೇಳಿದಿರಾ ಎಂದು ಕೇಳಿದರು. ಹೇಳುವಷ್ಟರಲ್ಲಿ ಇವಳು ಕೈ ಎತ್ತಿದಳು ಎಂದೆ. ಬೇಕಾದರೆ ನನ್ನ ಸಮಯದಲ್ಲಿ ಎರಡು ನಿಮಿಷ ಅವಳಿಗೆ ಕೊಡಿ, ನನ್ನದೇನೂ ತಕರಾರಿಲ್ಲ ಎಂದೆ. ಎರಡು ಆಗದಿದ್ದರೆ ಐದು ಎಂದೆ.

ತೀರ್ಪುಗಾರರು, "ಮುಟ್ಟಿದ್ದಾಯಿತಲ್ಲಮ್ಮ, ಕುದುರೆ ನಡೆಸಿ," ಎಂದು ಹೇಳಿ ಕೈ ಕಟ್ಟಿ ಪಕ್ಕದಲ್ಲೇ ನಿಂತರು.

ಏಳು ನಡೆಯಲ್ಲಿ ಸೋತೆ.

ಊರಿಗೆ ಬಂದು ನೇರ ಪೇಟೆಗೆ ಹೋದೆ. ಅವ್ವಿ ಮೀನು ಕೊಯ್ಯುತ್ತಲೇ ಪೂರ್ತಿ ಕೇಳಿದಳು. ಚೆಸ್ ಅವಳಿಗೆ ತಿಳಿಯದು, ಆದರೆ ಇದು ತಿಳಿಯಿತು.

"ಬಂಗಡೆ ನಿನ್ನೆ ಹಿಡ್ದದ್ದಾ ಅಂತ ಗಿರಾಕಿ ಕೇಳ್ದ್ರೆ ನಾ ಎಂತ ಹೇಳ್ತೆ?" ಎಂದಳು.

"ನೀ ಎಂತದೂ ಹೇಳೂದಿಲ್ಲ. ಮೀನಿಗೆ ನೀರು ಹೊಡಿತೆ."

"ಮತ್ತೆ? ನಿಂಗೆ ಬಾಯಿ ಬಿಡೂಕೆ ಅವಸರ ಎಂತದಾಗಿತ್ತೆ?"

ಪಕ್ಕದ ಬುಟ್ಟಿಯವಳು ನಕ್ಕು, "ಬಿಡೆ ಅತ್ಲಾಗೆ, ಕಲ್ತ ಹುಡ್ಗಿ, ಲೆಕ್ಚರ್ ಕೊಟ್ಟು ಬಂತು," ಎಂದಳು. ಅವ್ವಿ ನಗಲಿಲ್ಲ. ಮೂರು ದಿನ ನನಗೆ ಊಟಕ್ಕೆ ಬಡಿಸಿದಳೇ ಹೊರತು ಮಾತಾಡಲಿಲ್ಲ.

ಆಮೇಲೆ ಆರು ವರ್ಷ ಮೂರನೆಯ ನಾರ್ಮಿನ ಹಿಂದೆ ಬಿದ್ದೆ. ಬರಲಿಲ್ಲ. ಪುಣೆಯ ಕಥೆ ನನಗಿಂತ ಮುಂಚೆ ಟೂರ್ನಿಗಳಿಗೆ ತಲುಪುತ್ತಿತ್ತು. ನಾನು ಕೈ ಚಾಚಿದರೆ ಸಾಕು, ಎದುರಿನವರು ಬೆರಳನ್ನೇ ನೋಡುತ್ತಿದ್ದರು. ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡು ಆಡಲು ಕಲಿತೆ. ಹಾಗೆ ಕೂತವಳಿಗೆ ಗೆಲ್ಲಲು ಬರುವುದಿಲ್ಲ. ಪಡೆದ ಎರಡು ನಾರ್ಮ್ ಮಾತ್ರ ಸಾಯುವವರೆಗೆ ಊರ್ಜಿತವಂತೆ. ಒಂದು ಕಾಲಿಲ್ಲದ ಮುಕ್ಕಾಲಿ ಪೀಠಕ್ಕೂ ಆಯುಷ್ಯ ಇರುತ್ತದೆ.

ಈಗ ಕಾರವಾರದಲ್ಲಿ ಮಕ್ಕಳಿಗೆ ಕಲಿಸುತ್ತೇನೆ. ದಿನಾ ಮಧ್ಯಾಹ್ನ ಅಂಕೋಲೆಯಿಂದ ಬಸ್ಸು, ಅವರ್ಸಾ ದಾಟುವಷ್ಟರಲ್ಲಿ ಒಂದು ನಿದ್ದೆ. ತಾಯಂದಿರು ಮೊದಲ ದಿನವೇ ಕೇಳುತ್ತಾರೆ, ಟೀಚರ್ ನಿಮ್ಮ ಟೈಟಲ್ ಎಂತದು ಎಂದು. ಎರಡು ನಾರ್ಮಿನ ಕಥೆ ಹೇಳಿದರೆ ತಲೆಯಾಡಿಸಿ, ಫೋನಿನಲ್ಲಿ ಪಟ್ಟವಿದ್ದವರ ಆನ್‌ಲೈನ್ ಕ್ಲಾಸು ಹುಡುಕುತ್ತಾರೆ. ತಪ್ಪೇನಿಲ್ಲ. ನಾನಾದರೂ ಹಾಗೇ ಮಾಡುತ್ತಿದ್ದೆ.

ಹೋದ ಜೂನಿನಲ್ಲಿ ಒಂದು ದಿನ ಬಂದು ನೋಡಿದರೆ, ಕ್ಲಾಸಿನ ಜಾಗದ ಮಾಲೀಕ ಹೊಸ ಬೋರ್ಡು ಬರೆಸುತ್ತಿದ್ದ. ನನ್ನ ಹೆಸರಿನ ಹಿಂದೆ ಇಂಟರ್‌ನ್ಯಾಷನಲ್ ಮಾಸ್ಟರ್ ಎಂದು ಕೆಂಪು ಬಣ್ಣದಲ್ಲಿ, ಇನ್ನೂ ಹಸಿಯಾಗಿತ್ತು. "ಯಾರು ನೋಡೂಕೆ ಹೋಗ್ತ್ರು ಮಾರಾಯ್ತಿ?" ಎಂದು ಅವನೇ ನನಗೆ ಬುದ್ಧಿ ಹೇಳಿದ. ನಾನು ನಿಂತು ಓದಿದೆ. ಎರಡು ಸಲ ಓದಿದೆ. ಅಷ್ಟು ಚೆಂದ ಕಾಣುತ್ತದೆಂದು ಅಂದುಕೊಂಡಿರಲಿಲ್ಲ.

ಆಮೇಲೆ ಪೇಂಟರನಿಗೆ ಅಳಿಸು ಎಂದೆ. ಸತ್ಯವಂತಿಕೆ ಎಂದು ತಿಳಿಯಬೇಡಿ. ಪಟ್ಟ ಪಡೆದವರ ಪಟ್ಟಿ ಯಾರ ಫೋನಿನಲ್ಲಾದರೂ ತೆರೆಯುತ್ತದೆ, ಒಂದು ದಿನ ಯಾರೋ ಬಂದು ನನ್ನನ್ನೇ ಕೇಳುತ್ತಾರೆ, ನಾನು ಮತ್ತೆ ಸ್ವಲ್ಪವೇ ಸರ್ ಎಂದು ಶುರು ಮಾಡುತ್ತೇನೆ. ಮಾಲೀಕ ಗೊಣಗುತ್ತಾ ಒಳಗೆ ಹೋದ. ಪೇಂಟರ್ ಸೀಮೆಎಣ್ಣೆ ಬಟ್ಟೆಯಿಂದ ಒಂದೊಂದೇ ಅಕ್ಷರ ಒರೆಸಿದ. ಬಿಳಿಯ ಮೇಲೆ ನಸುಗೆಂಪು ಕಲೆ ಉಳಿಯಿತು.

"ಇಷ್ಟ್ ಜಾಗ ಖಾಲಿ ಉಳೀತಲ್ರಾ ಅಕ್ಕೋರೆ, ಎಂತ ಬರೀಲಿ?" ಎಂದ.

ಫೋನ್ ನಂಬರ್ ದೊಡ್ಡದಾಗಿ ಬರಿ ಎಂದೆ.