ಅಮಾಸಿಗೊಮ್ಮೆ ಬಿಚ್ಚುತ್ತಿದ್ದ ಕಂಪ್ಯೂಟರು

ಬೈಲಹೊಂಗಲದ ನಮ್ಮ ಮನೆಯಲ್ಲಿ ಕಂಪ್ಯೂಟರಿಗೆ ದೊಡ್ಡ ವೈರಿ ಎಂದರೆ ವೈರಸ್ ಅಲ್ಲ, ಹತ್ತಿ. ಹಿಂದಿನ ಓಣಿ ದಾಟಿದರೆ ಹತ್ತಿಯಿಂದ ಬೀಜ ಬಿಡಿಸುವ ಜಿನ್ನಿಂಗ್ ಫ್ಯಾಕ್ಟರಿ. ಹಂಗಾಮು ಶುರುವಾಯಿತೆಂದರೆ ಅಲ್ಲಿಂದ ಹಾರುವ ಹತ್ತಿಯ ಎಳೆ ಕಿಟಕಿ ಮುಚ್ಚಿದರೂ ಒಳಗೆ ಬಂದು ಅನ್ನದ ಬೋಗುಣಿ, ದೇವರ ಜಗಲಿ, ಹಾಸಿಗೆ ಯಾವುದನ್ನೂ ಬಿಡುತ್ತಿರಲಿಲ್ಲ. ಸಿಪಿಯು ಡಬ್ಬಿ ಬಿಚ್ಚಿದರೆ ಫ್ಯಾನಿನ ರೆಕ್ಕೆಗಳ ಮೇಲೆ ಎರೆಮಣ್ಣಿನ ಧೂಳು ಮತ್ತು ಹತ್ತಿ ಕೂಡಿ ಬೂದು ಬಣ್ಣದ ಕಂಬಳಿ ಹೊದ್ದಂತೆ ಕೂತಿರುತ್ತಿತ್ತು. ಹುಬ್ಬಳ್ಳಿಯ ಯಾವುದೋ ಆಫೀಸಿನವರು ಬೇಡವೆಂದು ಮಾರಿದ ಯಂತ್ರ ಅದು. ಆನ್ ಮಾಡಿ ಮುಖ ತೊಳೆದುಕೊಂಡು ಬರುವಷ್ಟರಲ್ಲಿ ಪರದೆ ಬೆಳಗಿದ್ದರೆ ಆ ದಿನ ಅದರ ಮನಸ್ಸು ಚೆನ್ನಾಗಿದೆ ಎಂದು ಲೆಕ್ಕ.

ನಾನು ಕಿತ್ತೂರಿನ ಹೈಸ್ಕೂಲೊಂದರಲ್ಲಿ ಗಣಿತದ ಮಾಸ್ತರ. ದಿನಾ ಬಸ್ಸಿನಲ್ಲಿ ಹೋಗಿ ಬರುವವನು. ಮನೆಯಲ್ಲಿ ಅಪ್ಪ, ಅವ್ವ, ನಾನು, ಮೂರೇ ಜನ. ಸ್ವಭಾವದಲ್ಲಿ ನಾನು ಸ್ವಲ್ಪ ಪಿರಿಪಿರಿ. ವಸ್ತು ಇಟ್ಟಲ್ಲಿ ಇರಬೇಕು, ಮಾಡುವ ಕೆಲಸ ಕ್ರಮದಂತೆ ಆಗಬೇಕು. ಕಂಪ್ಯೂಟರಿನ ಸ್ವಚ್ಛತೆಗೆಂದು ತಿಂಗಳಿಗೊಂದು ದಿನ ಗೊತ್ತು ಮಾಡಿಕೊಂಡಾಗ ಅಮಾವಾಸ್ಯೆಯನ್ನೇ ಆರಿಸಿದೆ. ನಮ್ಮ ಕಡೆ ಅಮಾಸಿ ಎಂದರೆ ಕೆಲಸದ ಸಾಮಾನುಗಳಿಗೆ ಬಿಡುವು. ಅಂಗಡಿಯವರು ತಕ್ಕಡಿ ತೊಳೆಯುತ್ತಾರೆ, ಡ್ರೈವರರು ಗಾಡಿಗೆ ಲಿಂಬೆಹಣ್ಣು ಕಟ್ಟುತ್ತಾರೆ, ಎಲ್ಲದಕ್ಕೂ ವಿಭೂತಿ, ಕುಂಕುಮ, ಒಂದು ಕಾಯಿ. ಅವತ್ತು ಕಂಪ್ಯೂಟರಿಗೂ ಅಭ್ಯಂಜನವಾಗಲಿ ಎಂದುಕೊಂಡೆ. ಅಮಾವಾಸ್ಯೆ ಭಾನುವಾರ ಬಾರದಿದ್ದರೆ ಸಾಲಿಗೆ ರಜೆಯ ಅರ್ಜಿ ಬರೆಯುತ್ತಿದ್ದೆ. ಕಾರಣ ಎಂಬಲ್ಲಿ 'ಮನೆಯಲ್ಲಿ ಪೂಜೆ' ಎಂದೇ ಬರೆಯುತ್ತಿದ್ದೆ.

ಬೆಳಿಗ್ಗೆ ಮೊದಲು ಸ್ಕ್ಯಾನ್‌ಡಿಸ್ಕ್. ಆಮೇಲೆ ಬೇಡದ ಫೈಲುಗಳನ್ನು ಅಳಿಸುವುದು. ಆಮೇಲೆ ಡಿಫ್ರ್ಯಾಗ್. ಚೆಲ್ಲಾಪಿಲ್ಲಿಯಾದ ಫೈಲಿನ ತುಂಡುಗಳನ್ನು ಯಂತ್ರವೇ ಒಂದೊಂದಾಗಿ ಎತ್ತಿ ಸಾಲಾಗಿ ಜೋಡಿಸುವ ಕೆಲಸ ಅದು. ಪರದೆಯ ತುಂಬ ಬಣ್ಣದ ಚೌಕಗಳು ಹೊರಳಾಡುವುದನ್ನು ತಾಸುಗಟ್ಟಲೆ ನೋಡುತ್ತ ಕೂಡುತ್ತಿದ್ದೆ. ಮುಕ್ಕಾಲು ಮುಗಿದಿರುವಾಗ ಕರೆಂಟ್ ಹೋಗುತ್ತಿತ್ತು. ಬಂದ ಮೇಲೆ ಮತ್ತೆ ಮೊದಲಿನಿಂದ. ಅದು ಮುಗಿದ ಮೇಲೆ ಡಬ್ಬಿ ಬಿಚ್ಚಿ ಸೈಕಲ್ ಪಂಪಿನಿಂದ ಗಾಳಿ ಹೊಡೆದು, ಅಪ್ಪನ ಹಳೆಯ ದಾಡಿ ಬ್ರಷ್ಷಿನಿಂದ ಹತ್ತಿ ಕೆದರಿ, ಮೆಮರಿ ಪಟ್ಟಿಯ ಹಿತ್ತಾಳೆ ಬಣ್ಣದ ಹಲ್ಲುಗಳನ್ನು ಮಕ್ಕಳ ರಬ್ಬರಿನಿಂದ ತಿಕ್ಕುತ್ತಿದ್ದೆ. ಇದನ್ನೆಲ್ಲ ಕಲಿಸಿದವರು ಮುರಗೋಡ ರಸ್ತೆಯಲ್ಲಿ ರೇಡಿಯೊ, ಟೀವಿ ರಿಪೇರಿ ಮಾಡುತ್ತಿದ್ದ ಒಬ್ಬ ಮುಸ್ಲಿಂ ಹಿರಿಯರು. ಊರಿಗೆಲ್ಲ ಅವರು ಚಾಚಾ. ಕಲಿಸಿದ ತಪ್ಪಿಗೆ ಅವರೇ ಆಮೇಲೆ ಬೇಸತ್ತರು.

"ಮಾಸ್ತರ, ತಿಂಗಳಿಗೊಮ್ಮೆ ಯಾಕ ಬಿಚ್ಚತೀರಿ ಅದನ್ನ? ವರ್ಷಕ್ಕೊಮ್ಮೆ ಸಾಕ್ರಿ. ಮುಟ್ಟಿದಷ್ಟೂ ಕೆಡತೈತಿ" ಎಂದರು.

ನಾನು ಕೇಳಲಿಲ್ಲ. ಅದರೊಳಗೆ ಏನಿದೆ ಎಂಬುದು ಅವರಿಗೂ ಗೊತ್ತಿತ್ತು, ಆದರೆ ಅದು ಅವರ ಅಪ್ಪನದಲ್ಲವಲ್ಲ.

ಅದರೊಳಗೆ ನನ್ನ ಅಪ್ಪನ ದನಿ ಇತ್ತು.

ಅಪ್ಪ ಹತ್ತಿ ಪೇಟೆಯ ಒಬ್ಬ ದಲಾಲರ ಅಡತಿ ಅಂಗಡಿಯಲ್ಲಿ ಹರಾಜಿನ ಸವಾಲು ಕೂಗುವ ಕೆಲಸ ಮಾಡುತ್ತಿದ್ದ. ಹತ್ತಿಯ ರಾಶಿಯ ಮೇಲೆ ನಿಂತು ದರ ಏರಿಸುತ್ತ ಹೋಗುವವನು. ಸವದತ್ತಿ, ರಾಮದುರ್ಗದ ಕಡೆಯಿಂದ ಹಿಂದಿನ ದಿನವೇ ಬಂದು ಗಾಡಿಯಲ್ಲಿ ಮಲಗಿದ ರೈತರು ಅಪ್ಪನ ಮೊದಲ ಕೂಗಿಗೆ ಎದ್ದು ಕೂಡುತ್ತಿದ್ದರಂತೆ. ಚಚಡಿಯ ಒಬ್ಬ ರೈತ ನನ್ನ ಮುಂದೆಯೇ ಹೇಳಿದ್ದ, 'ನಿಮ್ಮಪ್ಪ ಕೂಗಿದರ ಹತ್ತಿ ಒಂದ ಮಣ ಜಾಸ್ತಿ ತೂಗತೈತಿ' ಅಂತ. ಆ ಗಂಟಲಿಗೇ ಕ್ಯಾನ್ಸರ್ ಬಂತು. ತಂಬಾಕು ಎಂದರು ಡಾಕ್ಟರು, ದೃಷ್ಟಿ ಎಂದಳು ಅವ್ವ. ದನಿಪೆಟ್ಟಿಗೆಯನ್ನೇ ತೆಗೆಯಬೇಕು, ಜೀವ ಉಳಿಯುತ್ತದೆ, ಮಾತು ಉಳಿಯುವುದಿಲ್ಲ ಎಂದು ಬೆಳಗಾವಿಯಲ್ಲಿ ಹೇಳಿ ಕಳಿಸಿದರು.

ಆಪರೇಶನ್ನಿಗೆ ಹೋಗುವ ಹಿಂದಿನ ವಾರ ಮೈಕು ತಂದು ಹಚ್ಚಿದೆ. ಎಷ್ಟು ಹೊತ್ತು ಬೇಕಾದರೂ ಮಾತು ಹಿಡಿದಿಡುವ ಒಂದು ಸಾಫ್ಟ್‌ವೇರನ್ನು ಚಾಚಾ ಹಾಕಿಕೊಟ್ಟಿದ್ದರು. ಅಪ್ಪನನ್ನು ಕುರ್ಚಿಯ ಮೇಲೆ ಕೂಡಿಸಿ, ಏನಾದರೂ ಮಾತಾಡು ಎಂದೆ. ಸಾವಿರ ಜನರ ಸಂತೆಯಲ್ಲಿ ಅಳುಕದೆ ಕೂಗಿದವನು ಆ ಸಣ್ಣ ಮೈಕಿನ ಮುಂದೆ ಹೊಸ ಮದುಮಗನ ಹಾಗೆ ತಲೆ ತಗ್ಗಿಸಿ ಕೂತ. ದನಿ ಆಗಲೇ ಒಡೆದಿತ್ತು.

"ನೀ ಹೊರಗ ಹೋಗು. ನೀ ಮುಂದ ನಿಂತರ ನನಗ ಮಾತ ಬರೂದಿಲ್ಲ. ನಿಮ್ಮವ್ವನ್ನೂ ಕರಕೊಂಡ ಹೋಗು" ಎಂದ.

ಬಾಗಿಲು ಮುಚ್ಚಿಕೊಂಡು ಹೊರಗೆ ಬಂದೆವು. ಅರ್ಧ ತಾಸಿಗೂ ಮೇಲೆ ಅಪ್ಪ ಒಳಗೆ ಒಬ್ಬನೇ ಮಾತಾಡಿದ. ಶಬ್ದಗಳು ಹೊರಗೆ ಕೇಳಲಿಲ್ಲ, ನಡುನಡುವೆ ಕೆಮ್ಮು ಮಾತ್ರ. ಬಾಗಿಲು ತೆಗೆದು ಬಂದಾಗ ಅವನ ಮುಖ ಹಗುರಾಗಿತ್ತು. ಊಟಕ್ಕೆ ಎರಡು ರೊಟ್ಟಿ ಹೆಚ್ಚು ಕೇಳಿ ಹಾಕಿಸಿಕೊಂಡ.

ಬೆಳಗಾವಿಯಿಂದ ಬಂದ ಅಪ್ಪನ ಕುತ್ತಿಗೆಯಲ್ಲಿ ಒಂದು ತೂತು, ಅದರಲ್ಲಿ ಒಂದು ಸಣ್ಣ ನಳಿಗೆ. ಉಸಿರೆಲ್ಲ ಅದರ ಮೂಲಕ. ಕೈಯಲ್ಲಿ ನನ್ನ ಸಾಲಿಯಿಂದ ತಂದ ಪಾಟಿ, ಬಳಪ. ಏನಾದರೂ ಬೇಕಾದರೆ ಸ್ಟೀಲ್ ಲೋಟದಿಂದ ಮಂಚದ ಪಟ್ಟಿಗೆ ಬಡಿಯುತ್ತಿದ್ದ. ಒಂದು ಸಂಜೆ, ಖುಷಿಯಾದೀತು ಎಂದುಕೊಂಡು, ಅವನನ್ನು ಕೂಡಿಸಿ ರೆಕಾರ್ಡ್ ಹಚ್ಚಿದೆ. ಸ್ಪೀಕರಿನಿಂದ ಮೊದಲ ಮಾತು ಬಂದದ್ದೇ ತಡ, ಅಪ್ಪನ ಕೈ ಕುತ್ತಿಗೆಗೆ ಹೋಯಿತು. ಎದ್ದು ಹೊರಗೆ ಹೋಗಿ ಕಟ್ಟೆಯ ಮೇಲೆ ಕೂತುಬಿಟ್ಟ. ನಾನು ಗಡಬಡಿಸಿ ಬಂದ್ ಮಾಡಿದೆ. ಆಮೇಲೆ ಮನೆಯಲ್ಲಿ ಅದನ್ನು ಯಾರೂ ಗಟ್ಟಿಯಾಗಿ ಹಚ್ಚಲಿಲ್ಲ. ಪ್ರತಿ ಅಮಾವಾಸ್ಯೆ ಎಲ್ಲ ಮುಗಿದ ಮೇಲೆ ಇಯರ್‌ಫೋನ್ ಹಾಕಿಕೊಂಡು, ಫೈಲು ತೆರೆಯುತ್ತದೆಯೇ ಎಂದು ಪರೀಕ್ಷೆ ಮಾಡುತ್ತಿದ್ದೆ. "ಹಚ್ಚ್ಯಾನೊ ಏನೊ... ಹಾಂ" ಎಂದು ಅಪ್ಪ ತೊದಲಿದ ಕೂಡಲೇ, ಸರಿ ಇದೆ ಎಂದು ಮುಚ್ಚುತ್ತಿದ್ದೆ. ಪೂರ್ತಿ ಕೇಳಲು ಧೈರ್ಯ ಸಾಲಲಿಲ್ಲ. ಎಲ್ಲಿ ಹೋಗುತ್ತದೆ, ಇಲ್ಲೇ ಇದೆಯಲ್ಲ, ಇನ್ನೊಮ್ಮೆ ಕೇಳಿದರಾಯಿತು ಎಂಬ ನಂಬಿಕೆಯೂ ಇತ್ತು.

ಸೀಡಿಗೆ ಹಾಕಿಸಿ ಇಟ್ಟುಕೊಳ್ಳಿ ಎಂದು ಚಾಚಾ ಹೇಳಿದ್ದರು. ಫ್ಲಾಪಿಯಲ್ಲಿ ಅದು ಹಿಡಿಯುತ್ತಿರಲಿಲ್ಲ. ಸೀಡಿ ಬರೆಯುವ ಯಂತ್ರ ಆಗ ಬೆಳಗಾವಿಯಲ್ಲೇ ಸಿಗಬೇಕು, ಅಲ್ಲಿಯ ತನಕ ಡಬ್ಬಿಯನ್ನು ಬಸ್ಸಿನಲ್ಲಿ ಒಯ್ಯಬೇಕು. ನಮ್ಮ ಕಡೆಯ ರಸ್ತೆಗಳ ತಗ್ಗುದಿನ್ನೆ ದಿನಾ ಬಸ್ಸಿನಲ್ಲಿ ಓಡಾಡುವ ನನ್ನ ಸೊಂಟಕ್ಕೇ ಗೊತ್ತು. ಹಾದಿಯಲ್ಲಿ ಡಿಸ್ಕಿಗೆ ಪೆಟ್ಟು ಬಿದ್ದರೆ? ಯಾರದೋ ಅಂಗಡಿಯಲ್ಲಿ ಯಾರೋ ಅಳಿಸಿದರೆ? ನನ್ನ ಕೈಯಲ್ಲಿದ್ದಷ್ಟು ಸುರಕ್ಷಿತವಾಗಿ ಅದು ಎಲ್ಲಿಯೂ ಇರಲಾರದು ಎಂದು ಎರಡು ವರ್ಷ ಮುಂದೆ ಹಾಕುತ್ತ ಹೋದೆ. ಅದನ್ನು ಕಾಳಜಿ ಎಂದು ಕರೆದುಕೊಂಡಿದ್ದೆ. ಈಗ ನೋಡಿದರೆ ಬರೀ ಸೊಕ್ಕು.

ಇನ್ನೊಂದು ಮಾತು ಬರೆಯಲೇಬೇಕು. ದಿನಾ ಬೆಳಿಗ್ಗೆ ಅಪ್ಪನ ನಳಿಗೆ ತೆಗೆದು, ಕುದಿಸಿ ಆರಿಸಿದ ನೀರಿನಲ್ಲಿ ತೊಳೆದು, ಅದರಲ್ಲಿ ಕೂತ ಹತ್ತಿಯ ಎಳೆ, ಧೂಳು ಒರೆಸಿ ಮತ್ತೆ ಇಡುತ್ತಿದ್ದವಳು ಅವ್ವ. ನಾನು ಆ ಕಡೆ ಸುಳಿಯುತ್ತಿರಲಿಲ್ಲ. ನನಗೆ ಅದು ಹೇಸಿಕೆ. ಒಳಕೋಣೆಯಲ್ಲಿ ಅವ್ವ ಅಪ್ಪನನ್ನು ಸ್ವಚ್ಛ ಮಾಡುತ್ತಿದ್ದರೆ ಹೊರಗೆ ಪಡಸಾಲೆಯಲ್ಲಿ ನಾನು ಅಪ್ಪನ ದನಿಯನ್ನು ಸ್ವಚ್ಛ ಮಾಡುತ್ತಿದ್ದೆ. ಅಪ್ಪ ಲೋಟ ಬಡಿದರೆ, 'ತಡಿ, ಡಿಫ್ರ್ಯಾಗ್ ನಡದೈತಿ' ಎಂದು ಕೂತಲ್ಲಿಂದಲೇ ಹೇಳಿದ್ದೂ ಉಂಟು. ಪಾಟಿಯ ಮೇಲೆ ಅವನು ಬರೆದದ್ದನ್ನು ಓದಲು ನಾನು ಏಳುವ ಹೊತ್ತಿಗೆ ಎಷ್ಟೋ ಸಲ ಅವನೇ ಅಳಿಸಿಬಿಟ್ಟಿರುತ್ತಿದ್ದ.

ಆ ಅಮಾವಾಸ್ಯೆ ಹಂಗಾಮಿನ ನಡುವೆ ಬಂತು. ಹತ್ತಿ ವಿಪರೀತ. ಹಾಗಾಗಿ ಅವತ್ತು ಹಾರ್ಡ್ ಡಿಸ್ಕನ್ನೂ ಹೊರಗೆ ತೆಗೆದು ಪೇಪರಿನ ಮೇಲೆ ಎಲ್ಲ ಬಿಡಿಭಾಗಗಳ ಜೊತೆ ಸಾಲಾಗಿ ಇಟ್ಟಿದ್ದೆ. ಅವ್ವ ಬಂದು ಬಗ್ಗಿ ನೋಡಿದಳು.

"ತಮ್ಮಾ, ನಿಮ್ಮಪ್ಪನ ದನಿ ಇದರಾಗ ಯಾವುದರಾಗ ಐತಿ?"

"ಇದರಾಗ ನೋಡ ಅವ್ವಾ" ಎಂದು ಬೆರಳು ತೋರಿಸಿದೆ.

"ಇಷ್ಟ ಸಣ್ಣದರಾಗ?" ಎಂದಳು. ಪೂಜೆಗೆಂದು ದೇವರ ಮನೆಗೆ ಹೋದಳು.

ಅಷ್ಟರಲ್ಲಿ ಲೋಟದ ಸಪ್ಪಳ. ಈ ಸಲ ನಿಲ್ಲದ ಸಪ್ಪಳ. ಹೋಗಿ ನೋಡಿದರೆ ಅಪ್ಪನ ನಳಿಗೆ ಕಟ್ಟಿಕೊಂಡಿದೆ, ಕಣ್ಣುಗಳು ಮೇಲಾಗುತ್ತಿವೆ. ಅವ್ವ ದೇವರ ಮನೆಯಲ್ಲಿ ಗಂಟೆ ಬಾರಿಸುತ್ತ ಪೂಜೆಯಲ್ಲಿದ್ದಾಳೆ. ಹೇಸಿಕೆ, ಗೀಸಿಕೆ ಎಲ್ಲ ಮರೆತು ನಳಿಗೆ ಎಳೆದು ತೊಳೆದೆ, ಒರೆಸಿದೆ, ಮತ್ತೆ ಇಟ್ಟೆ. ಉಸಿರು ಹದಕ್ಕೆ ಬರುವ ತನಕ ಬೆನ್ನು ಸವರುತ್ತ ಕೂತೆ. ಎರಡು ವರ್ಷದಲ್ಲಿ ಆ ಕೆಲಸ ನಾನು ಮಾಡಿದ್ದು ಅದೊಂದೇ ಸಲ.

ಹೊರಗೆ ಬಂದಾಗ ಪೇಪರಿನ ಮೇಲೆ ಪೂಜೆ ಮುಗಿದಿತ್ತು. ಫ್ಯಾನಿಗೆ ಕುಂಕುಮ, ಸ್ಕ್ರೂಡ್ರೈವರಿಗೂ ಕುಂಕುಮ. ಹಾರ್ಡ್ ಡಿಸ್ಕಿಗೆ ಮಾತ್ರ ಮೂರು ಬೆರಳಿನ ವಿಭೂತಿ, ನಡುವೆ ಕುಂಕುಮ, ಮೇಲೊಂದು ಚೆಂಡುಹೂವು. ಪೂಜೆಗೆ ಕೂತದ್ದನ್ನು ಬರೀ ಪೇಪರಿನ ಮೇಲೆ ಇಡಬಾರದೆಂದು ಅದರ ಕೆಳಗೆ ಆಗಷ್ಟೇ ತೊಳೆದ ಎರಡು ವೀಳ್ಯದೆಲೆ ಇಟ್ಟಿದ್ದಳು. ನನಗೆ ಸಿಟ್ಟು ಬಂತು. ಆದರೆ ಅಪ್ಪನ ಆ ಕಣ್ಣುಗಳನ್ನು ನೋಡಿ ಬಂದ ಗಾಬರಿಯಲ್ಲಿ ಬೈಯುವ ತ್ರಾಣ ಇರಲಿಲ್ಲ. ಟವೆಲಿನಿಂದ ಮೇಲಿನ ವಿಭೂತಿ ಒರೆಸಿದೆ. ಕೆಳಗೆ ತಿರುವಿ ನೋಡಲಿಲ್ಲ. ಡಿಸ್ಕಿನ ನರಗಳೆಲ್ಲ ಇರುವ ಹಸಿರು ಹಲಗೆ ಇರುವುದೇ ಕೆಳಗೆ. ಎಲೆಯ ನೀರು ಅಲ್ಲಿ ಕೂತಿತ್ತು. ಹತ್ತಿಯ ಒಂದು ಎಳೆಗೆ ಹೆದರಿ ತಿಂಗಳು ತಿಂಗಳು ಬಿಚ್ಚುತ್ತಿದ್ದ ನಾನು ಅವತ್ತು ಅದನ್ನು ಹಸಿಯಾಗಿಯೇ ಒಳಗೆ ಕೂಡಿಸಿ, ಸ್ಕ್ರೂ ಬಿಗಿದು ಆನ್ ಮಾಡಿದೆ.

ಟಪ್ ಎಂದು ಒಂದು ಸಣ್ಣ ಸದ್ದು, ಸುಟ್ಟ ವಾಸನೆ. ಡಿಸ್ಕ್ ಇಲ್ಲ ಎಂದು ಪರದೆಯ ಮೇಲೆ ಬಂತು. ಬಂದ್ ಮಾಡಿ, ಹಚ್ಚಿ, ಮತ್ತೆ ಬಂದ್ ಮಾಡಿ ಹಚ್ಚಿದೆ. ಪ್ರತಿ ಸಲವೂ ಅದೇ.

ಚಾಚಾ ಕನ್ನಡಕ ಹಾಕಿಕೊಂಡು ಹಲಗೆಯನ್ನು ಬಹಳ ಹೊತ್ತು ನೋಡಿದರು. ಮೂಲೆಯಲ್ಲಿ ಉಳಿದಿದ್ದ ಕುಂಕುಮ ಬೆರೆತ ನೀರಿನ ಕಲೆಯನ್ನು ಉಗುರಿನಿಂದ ಮುಟ್ಟಿ, "ಮನ್ಯಾಗ ಯಾರಿಗೂ ಏನೂ ಅನಬ್ಯಾಡ್ರಿ ಮಾಸ್ತರ" ಎಂದಷ್ಟೇ ಹೇಳಿದರು. ಹುಬ್ಬಳ್ಳಿಗೆ ಒಯ್ದೆ. ಈ ಸಲ ಬಸ್ಸಿನ ಕುಲುಕಾಟದ ಚಿಂತೆ ಇರಲಿಲ್ಲ. ಅಲ್ಲಿಯವರು ಇಂಥದೇ ಇನ್ನೊಂದು ಹಲಗೆ ಹುಡುಕಿ ಹಚ್ಚಿ ನೋಡಿದರು. ಒಳಗೂ ಹೋಗಿದೆ, ಏನೂ ಬರುವುದಿಲ್ಲ ಎಂದು ಮರುವಾರ ಕೈಗೆ ಕೊಟ್ಟರು.

ಅವ್ವಗೆ ಕಾರಣ ಹೇಳಲಿಲ್ಲ. ಹಳೆಯದಾಗಿತ್ತು, ಹೋಯಿತು ಎಂದೆ. ಅವಳು ಸೆರಗಿನಿಂದ ಕಣ್ಣೊರೆಸಿಕೊಂಡು, ಮುಂದಿನ ಅಮಾವಾಸ್ಯೆಗೂ ಆ ಖಾಲಿ ಡಬ್ಬಿಗೆ ಕುಂಕುಮ ಹಚ್ಚಿದಳು. ಈ ಕತೆಯಲ್ಲಿ ನಾನು ಮಾಡಿದ ಒಳ್ಳೆಯ ಕೆಲಸ ಎಂದರೆ ಆ ಸುಳ್ಳು ಒಂದೇ.

ಅಪ್ಪನಿಗೆ ಹೇಳಲು ಎರಡು ದಿನ ಬೇಕಾಯಿತು. ಅವ್ವ ಹಿತ್ತಲಲ್ಲಿದ್ದಾಗ ಮಂಚದ ಬದಿಗೆ ಕೂತು, "ಅಪ್ಪಾ, ನಿನ್ನ ದನಿ ಹೋತು" ಎಂದೆ. ಅವನು ತಲೆ ಅಲ್ಲಾಡಿಸಿದ. ಅಷ್ಟೇನೂ ದುಃಖಪಟ್ಟಂತೆ ಕಾಣಲಿಲ್ಲ. ನನಗೇ ಧೈರ್ಯ ಬಂದು, "ಅದರಾಗ ಏನ ಮಾತಾಡಿದ್ದಿ?" ಎಂದು ಕೇಳಿದೆ.

ಅಪ್ಪ ನನ್ನ ಮುಖವನ್ನೇ ನೋಡಿದ. ಪಾಟಿ ತೆಗೆದುಕೊಂಡು ಬರೆದ: 'ನೀ ಕೇಳಿಲ್ಲೇನು?'

ಇಲ್ಲ ಎಂದು ತಲೆ ಆಡಿಸಿದೆ. ಸುಳ್ಳು ಹೇಳಬಹುದಿತ್ತು, ಹೊಳೆಯಲಿಲ್ಲ.

ಅಪ್ಪ ಪಾಟಿಯನ್ನು ತೊಡೆಯ ಮೇಲೆ ಎಳೆದುಕೊಂಡ. ನಳಿಗೆಯಿಂದ ಉಸಿರು ಸುಯ್ ಸುಯ್ ಎಂದು ಬರುತ್ತಿತ್ತು. ಆಮೇಲೆ ಬರೆದ: 'ಎರಡು ವರ್ಷಾತು. ನೀ ಏನ ಅಂತಿ ಅಂತ ಕಾಯಾಕ ಹತ್ತಿದ್ದೆ.'

ಈಗ ಬರೆದು ಹೇಳು ಎಂದು ಅವನ ಕೈ ಹಿಡಿದುಕೊಂಡೆ, ಅತ್ತೆ. ಅವನು ಕೈ ಬಿಡಿಸಿಕೊಂಡು ಪಾಟಿ ಒರೆಸಿದ. 'ಅವಾಗ ಹೇಳೂದಿತ್ತು' ಎಂದು ಬರೆದು, ಗೋಡೆಯ ಕಡೆ ಮುಖ ಮಾಡಿ ಮಲಗಿದ.

ಆಮೇಲೆ ಅಪ್ಪ ಮೂರು ವರ್ಷ ಬದುಕಿದ್ದ. ನಳಿಗೆ ತೊಳೆಯುವ ಕೆಲಸವನ್ನು ನಾನೇ ಮಾಡಿದೆ, ಒಂದು ದಿನವೂ ತಪ್ಪಿಸಲಿಲ್ಲ. ಮತ್ತೆ ಎಷ್ಟೋ ಸಲ ಕೇಳಿದೆ, ಅವನು ಪಾಟಿ ಮುಟ್ಟಲಿಲ್ಲ. ಅಂದು ಬಾಗಿಲು ಮುಚ್ಚಿಕೊಂಡು ಅಪ್ಪ ನನ್ನನ್ನು ಏನೋ ಕೇಳಿದ್ದ. ನಾನು ಹೂಂ ಅನ್ನಬೇಕಿತ್ತೋ ಊಹೂಂ ಅನ್ನಬೇಕಿತ್ತೋ, ಅದೂ ನನಗೆ ಗೊತ್ತಿಲ್ಲ.