ಕೈಗುಣ ಎಂದು ಬರೆದವಳು ನಾನೇ

ನನ್ನ ತವರುಮನೆಯ ರೇಷ್ಮೆ ಹುಳು ಮನೆಯ ಬಾಗಿಲ ಪಕ್ಕ ನನ್ನದೊಂದು ಬರಹ ಫ್ರೇಮ್ ಹಾಕಿಸಿಕೊಂಡು ನೇತಾಡುತ್ತಿತ್ತು. ಬರೆಯುವವರಿಗೆ ಇದಕ್ಕಿಂತ ದೊಡ್ಡ ಪ್ರಶಸ್ತಿ ಬೇಕೇ ಎಂದು ನೀವು ಕೇಳಬಹುದು. ಹೋದ ಭಾನುವಾರ ಅದನ್ನು ನಾನೇ ಮೊಳೆಯಿಂದ ತೆಗೆದು ಬ್ಯಾಗಿಗೆ ಹಾಕಿಕೊಂಡು ಬಂದೆ.

ಯಾಕೆ? ಹೇಳುತ್ತೇನೆ. ಹೇಳದಿದ್ದರೆ ಈ ವಾರವೂ ನನಗೆ ಅನ್ನ ಸೇರುವುದಿಲ್ಲ.

ಹಳೆಯ ಓದುಗರಿಗೆ ನೆನಪಿರಬಹುದು. ಎರಡು ವರ್ಷದ ಹಿಂದೆ ಪತ್ರಿಕೆಯ ಇದೇ ಅಂಕಣದಲ್ಲಿ ನನ್ನ ಅಣ್ಣನ ಮಗಳು ಅನಿತಳ ಬಗ್ಗೆ ಬರೆದಿದ್ದೆ. ನಮ್ಮೂರು ಶಿಡ್ಲಘಟ್ಟದಿಂದ ಆರು ಕಿಲೋಮೀಟರ್ ಒಳಗೆ. ಮನೆಮನೆಯಲ್ಲೂ ರೇಷ್ಮೆ ಹುಳು ಸಾಕುತ್ತಾರೆ. ಅನಿತ ಹಿಪ್ಪುನೇರಳೆ ಸೊಪ್ಪು ಹಾಕಿದರೆ ಹುಳು ಕೆಡುವುದಿಲ್ಲ, ಗೂಡು ಗಟ್ಟಿ ಬರುತ್ತದೆ, ಅವಳದು ಅಂಥ ಕೈಗುಣ ಎಂದು ಬರೆದಿದ್ದೆ. ‘ವರ್ಷವಿಡೀ ಹುಳು ಮನೆಯಲ್ಲಿ ಒಂದು ದಿನವೂ ರಜೆ ಹಾಕದ ಹುಡುಗಿ’ ಎಂಬ ಒಂದು ವಾಕ್ಯವೂ ಅದರಲ್ಲಿತ್ತು. ಆ ವಾಕ್ಯ ನನಗೆ ಭಾರಿ ಇಷ್ಟವಾಗಿತ್ತು. (ಅಚ್ಚಾದ ಮೇಲೆ ಎರಡು ಸಲ ಓದಿಕೊಂಡಿದ್ದೆ.) ಸ್ಟಾಫ್ ರೂಮಿನಲ್ಲೂ ನಾಲ್ಕು ಜನ ಹೊಗಳಿದರು. ಊರಿನಲ್ಲಿ ಅದಕ್ಕೇ ಫ್ರೇಮ್ ಹಾಕಿಸಿದರು.

ವರ್ಷವಿಡೀ ಒಂದು ದಿನವೂ ರಜೆ ಇಲ್ಲದೆ ಒಬ್ಬ ಹುಡುಗಿ ಹುಳು ಮನೆಯಲ್ಲಿ ಇರುವುದಾದರೂ ಹೇಗೆ? ಈ ಪ್ರಶ್ನೆ ನನಗೆ ಹೊಳೆಯಲೇ ಇಲ್ಲ. ನಾನು ಚಿಕ್ಕಬಳ್ಳಾಪುರದ ಹೈಸ್ಕೂಲಿನಲ್ಲಿ ಜೀವಶಾಸ್ತ್ರ ಪಾಠ ಮಾಡುವವಳು. ಗರ್ಭಕೋಶ, ಅಂಡಾಶಯ ಎಂದು ಬೋರ್ಡಿನ ಮೇಲೆ ಚಿತ್ರ ಬರೆದು, ಭಾಗಗಳನ್ನು ಗುರುತಿಸಿ, ‘ಉಳಿದದ್ದನ್ನು ಮನೆಯಲ್ಲಿ ಓದಿಕೊಳ್ಳಿ’ ಎಂದು ಹದಿನೆಂಟು ವರ್ಷದಿಂದ ಹೇಳಿಕೊಂಡು ಬಂದಿದ್ದೇನೆ. ನಾನೇ ಓದಿಕೊಂಡಿರಲಿಲ್ಲ ಅಂತ ಈಗ ಗೊತ್ತಾಯಿತು.

ರೇಷ್ಮೆ ಸಾಕಿ ಗೊತ್ತಿಲ್ಲದವರಿಗೆ ಎರಡು ಮಾತು. ನಮ್ಮ ಕಡೆ ದೇವರ ಮನೆಗಿಂತ ಹುಳು ಮನೆಗೆ ಮಡಿ ಜಾಸ್ತಿ. ಚಪ್ಪಲಿ ಆಚೆಗೆ. ಒಗ್ಗರಣೆ ಹೊಗೆ ತಾಗಬಾರದು. ಹೊರಗಿನವರು ಇಣುಕಬಾರದು. ಮುಟ್ಟಾದ ಹೆಂಗಸಂತೂ ಹೊಸಿಲು ದಾಟುವ ಹಾಗಿಲ್ಲ, ದಾಟಿದರೆ ಹುಳು ಕೆಡುತ್ತದೆ ಎಂಬ ನಂಬಿಕೆ. ಅತ್ತಿಗೆ, ಅಂದರೆ ಅನಿತಳ ತಾಯಿ, ತಿಂಗಳಿಗೆ ನಾಲ್ಕು ದಿನ ಜಗಲಿಯಲ್ಲಿ ಕೂರುತ್ತಾರೆ. ಕೆಲಸಕ್ಕೆ ಬರುವ ಹೆಂಗಸರೂ ಅಷ್ಟೇ. ಅನಿತ ಮಾತ್ರ ಕೂರುತ್ತಿರಲಿಲ್ಲ.

ಹುಳು ಪೊರೆ ಬಿಡುವುದಕ್ಕೆ ನಮ್ಮಲ್ಲಿ ಜ್ವರ ಅನ್ನುತ್ತಾರೆ. ನಾಲ್ಕು ಜ್ವರ ದಾಟಿ, ಏಳೆಂಟು ದಿನ ಹೊಟ್ಟೆಬಾಕನ ಹಾಗೆ ಸೊಪ್ಪು ತಿಂದ ಮೇಲೆ ಹುಳು ಹಣ್ಣಾಗುತ್ತದೆ, ಗೂಡು ಕಟ್ಟುತ್ತದೆ. ಜ್ವರಕ್ಕೆ ಕೂತ ಗಂಟೆ, ಎದ್ದ ಗಂಟೆ ಎರಡನ್ನೂ ನನ್ನ ಅಮ್ಮ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಗುರುತು ಹಾಕುತ್ತಾರೆ. ಓದಿದ್ದು ಮೂರನೇ ಕ್ಲಾಸು, ಒಂದು ಗಂಟೆಯ ತಪ್ಪೂ ಬಂದಿಲ್ಲ. ಅಂಥ ಮನೆಯಲ್ಲಿ ಮೊಮ್ಮಗಳು ಎರಡು ತಿಂಗಳು ಮುಟ್ಟಾಗಲಿಲ್ಲ. ನಾಲ್ಕು ತಿಂಗಳು ಆಗಲಿಲ್ಲ. ಯಾರಾದರೂ ಗಾಬರಿಯಾದರೇ? ಇಲ್ಲ ಸ್ವಾಮಿ, ಎಲ್ಲರಿಗೂ ಅನುಕೂಲವಾಯಿತು.

ಅದಕ್ಕೆ ನಾವು ಇಟ್ಟ ಹೆಸರು ಕೈಗುಣ.

ಈ ಶ್ರಾವಣದಲ್ಲಿ ಗೌರಿಬಿದನೂರಿನ ಕಡೆಯಿಂದ ಗಂಡಿನವರು ಅನಿತಳನ್ನು ನೋಡಲು ಬಂದಿದ್ದರು. ಅವಳಿಗೆ ಈಗ ಇಪ್ಪತ್ತೆರಡು. ಉಪ್ಪಿಟ್ಟು, ಕೇಸರಿಬಾತು ಎಲ್ಲ ಸಾಂಗವಾಗಿ ಆಯಿತು. ಹೊರಡುವಾಗ ಹುಡುಗನ ಸೋದರತ್ತೆ ನಮ್ಮ ಅತ್ತಿಗೆಯನ್ನು ಪಕ್ಕಕ್ಕೆ ಕರೆದು, ‘ಹುಡುಗಿ ಗದ್ದದ ಮೇಲೆ ಗಡ್ಡ ಬರೋ ಹಂಗೈತಲ್ಲಮ್ಮ, ನೋಡ್ಕೊಂಡಿದೀರಾ?’ ಎಂದು ಕೇಳಿ ಕಾರು ಹತ್ತಿದರಂತೆ. ಆಮೇಲೆ ಆ ಕಡೆಯಿಂದ ಫೋನಿಲ್ಲ.

ಎರಡೇ ದಿನಕ್ಕೆ ಅತ್ತಿಗೆ ಮಗಳನ್ನು ಕರೆದುಕೊಂಡು ಚಿಕ್ಕಬಳ್ಳಾಪುರದ ನನ್ನ ಮನೆಗೆ ಬಂದರು. ‘ಚಿಂತಾಮಣಿಯಿಂದ ಇನ್ನೊಂದು ಗಂಡು ಬರ್ತೈತೆ ಕಣಮ್ಮ. ಅಷ್ಟರಲ್ಲಿ ಇವಳ ಮುಖ ಒಂದಿಷ್ಟು ಸರಿ ಮಾಡ್ಸು. ನಿಮ್ಮ ಟೌನಲ್ಲಿ ಪಾರ್ಲರ್ ಅವೆಯಲ್ಲ’ ಅಂದರು.

ನೋಡಿ. ಏಳು ತಿಂಗಳು ಮುಟ್ಟು ನಿಂತದ್ದಕ್ಕೆ ಆ ಹುಡುಗಿಯನ್ನು ಯಾರೂ ಎಲ್ಲಿಗೂ ಕರೆದುಕೊಂಡು ಹೋಗಲಿಲ್ಲ. ಗದ್ದದ ಮೇಲೆ ನಾಲ್ಕು ಕೂದಲು ಬಂದದ್ದಕ್ಕೆ ಬಸ್ಸು ಹತ್ತಿಸಿದರು.

ನಾನೇನು ಕಡಿಮೆಯೇ? ನಾನೂ ನೇರ ಪಾರ್ಲರಿಗೇ ಕರೆದುಕೊಂಡು ಹೋದೆ. ನಮ್ಮ ಬೀದಿಯ ಕೊನೆಯಲ್ಲಿ ನಸ್ರೀನ್ ಎಂಬಾಕೆ ಎರಡು ಕುರ್ಚಿ ಹಾಕಿಕೊಂಡು ಪಾರ್ಲರ್ ನಡೆಸುತ್ತಾಳೆ. ಅನಿತಳ ಗದ್ದವನ್ನು ಬೆಳಕಿಗೆ ಹಿಡಿದು ನೋಡಿದಳು. ದುಪಟ್ಟಾ ಸರಿಸಿ ಕುತ್ತಿಗೆಯ ಹಿಂದೆ ಕಪ್ಪಗಾಗಿದ್ದ ಜಾಗ ನೋಡಿದಳು. ದಾರ ಬಾಯಲ್ಲಿ ಕಚ್ಚಿಕೊಂಡವಳು ಅದನ್ನು ತೆಗೆದು ಪಕ್ಕಕ್ಕಿಟ್ಟಳು.

‘ಡೇಟ್ ಸರಿಯಾಗಿ ಆಗ್ತದಾ ಅಮ್ಮಾ?’

ಅನಿತ ತಲೆ ಬಗ್ಗಿಸಿದಳು. ನಸ್ರೀನ್ ನನ್ನ ಕಡೆ ತಿರುಗಿ, ‘ಮೇಡಂ, ಥ್ರೆಡಿಂಗ್ ಮಾಡಿ ಕೊಡ್ತೀನಿ, ಹದಿನೈದು ದಿನಕ್ಕೆ ಮತ್ತೆ ಬರ್ತದೆ. ಇದು ನನ್ನ ಕೆಲಸ ಅಲ್ಲ. ಲೇಡಿ ಡಾಕ್ಟರ್ ಹತ್ರ ತೋರ್ಸಿ. ಇಂಥ ಹುಡುಗೀರು ನನ್ನ ಕುರ್ಚಿ ಮೇಲೆ ವಾರಕ್ಕೆ ಇಬ್ರು ಕೂತ್ಕೊತಾರೆ’ ಅಂದಳು. ಜೀವಶಾಸ್ತ್ರದ ಟೀಚರಿಗೆ ಪಾಠವಾದದ್ದು ಹೀಗೆ.

ಡಾಕ್ಟರ್ ಸ್ಕ್ಯಾನ್ ಮಾಡಿಸಿದರು, ರಕ್ತ ಪರೀಕ್ಷೆ ಮಾಡಿಸಿದರು. ಎಲ್ಲಕ್ಕಿಂತ ಮೊದಲು ಕೇಳಿದ್ದು, ಕೊನೆಯ ಸಲ ಮುಟ್ಟಾಗಿದ್ದು ಯಾವಾಗ ಎಂದು. ಅತ್ತಿಗೆ ನನ್ನ ಮುಖ ನೋಡಿದರು. ನಾನು ಅತ್ತಿಗೆಯ ಮುಖ ನೋಡಿದೆ. ಅನಿತ ಮೆಲ್ಲಗೆ, ‘ಸಂಕ್ರಾಂತಿ ಟೈಮಲ್ಲಿ ಗೂಡು ಬಿಡಿಸ್ದಾಗ. ಮೂರು ವರ್ಷದಿಂದ ಹಿಂಗೇ, ವರ್ಷಕ್ಕೆ ಒಂದೋ ಎರಡೋ ಸಲ’ ಅಂದಳು.

‘ಏಳು ತಿಂಗಳು. ಇಲ್ಲೀವರೆಗೂ ಏನಮ್ಮ ಮಾಡ್ತಿದ್ರಿ?’ ಡಾಕ್ಟರ್ ಅತ್ತಿಗೆಯನ್ನು ಕೇಳಿದರು.

‘ಮನೇಲಿ ಹುಳು ಇತ್ತು ಡಾಕ್ಟ್ರೇ.’

ಅತ್ತಿಗೆ ಸುಳ್ಳು ಹೇಳಲಿಲ್ಲ.

ಕಾಯಿಲೆಗೆ ಪಿಸಿಓಎಸ್ ಎಂದು ಹೆಸರು. ಡಾಕ್ಟರ್ ಸ್ಕ್ಯಾನಿನ ಚಿತ್ರ ಮುಂದಿಟ್ಟು ವಿವರಿಸಿದರು. ಅಂಡಾಶಯದಲ್ಲಿ ಪ್ರತಿ ತಿಂಗಳು ಒಂದು ಅಂಡ ಬಲಿತು ಹೊರಗೆ ಬರಬೇಕು. ಇವಳಲ್ಲಿ ಹಾರ್ಮೋನುಗಳ ಹದ ತಪ್ಪಿದೆ. ಹಲವು ಅಂಡಗಳು ಬೆಳೆಯಲು ಶುರು ಮಾಡಿ, ಅರ್ಧಕ್ಕೇ ನಿಂತು, ಚಿಕ್ಕ ಚಿಕ್ಕ ಗುಳ್ಳೆಗಳಾಗಿ ಅಂಚಿನಲ್ಲಿ ಕೂತುಬಿಟ್ಟಿವೆ. ಅನಿತ ಬಗ್ಗಿ ನೋಡಿದಳು.

‘ಕೆಲವು ಹುಳ ಸೊಪ್ಪು ತಿನ್ಕೊಂಡೇ ಇರ್ತವೆ, ಹಣ್ಣಾಗೋದೇ ಇಲ್ಲ. ಹಂಗಾ ಡಾಕ್ಟ್ರೇ?’

‘ಹೆಚ್ಚೂ ಕಡಿಮೆ ಹಂಗೇ ಕಣಮ್ಮ’ ಅಂದರು ಡಾಕ್ಟರ್. ನನ್ನ ಹದಿನೆಂಟು ವರ್ಷದ ಸರ್ವೀಸಿನಲ್ಲಿ ಯಾವ ಮಗುವೂ ಅಂಡಾಶಯದ ಬಗ್ಗೆ ಇಷ್ಟು ಒಳ್ಳೆಯ ಪ್ರಶ್ನೆ ಕೇಳಿರಲಿಲ್ಲ. ಕೇಳಲು ನಾನು ಬಿಟ್ಟಿದ್ದರೆ ತಾನೇ?

ಗದ್ದದ ಕೂದಲು, ಮುಖದ ಮೊಡವೆ, ಕುತ್ತಿಗೆಯ ಕಪ್ಪು, ಎಷ್ಟು ಕಡಿಮೆ ತಿಂದರೂ ಏರುವ ತೂಕ, ಎಲ್ಲ ಅದರದ್ದೇ ಕೆಲಸ. (‘ಹುಳಕ್ಕೆ ಹಾಕೋ ಸೊಪ್ಪು ನೀನೇ ತಿಂತೀಯಾ’ ಎಂದು ಊರಿನವರು ಅವಳನ್ನು ರೇಗಿಸುತ್ತಿದ್ದರು. ನಾನೂ ನಕ್ಕಿದ್ದೇನೆ.) ಹಾಗೇ ಬಿಟ್ಟರೆ ಮುಂದೆ ಸಕ್ಕರೆ ಕಾಯಿಲೆ ಬರುವ ಅಪಾಯ ಹೆಚ್ಚು. ತಿಂಗಳುಗಟ್ಟಲೆ ಮುಟ್ಟಾಗದಿದ್ದರೆ ಗರ್ಭಕೋಶದ ಒಳಪದರ ದಪ್ಪವಾಗುತ್ತಾ ಹೋಗುತ್ತದೆ, ಅದು ಒಳ್ಳೆಯದಲ್ಲ. ಮಕ್ಕಳಾಗುವುದು ತಡವಾಗಬಹುದು, ಆದರೆ ಆಗುವುದೇ ಇಲ್ಲ ಎಂದಲ್ಲ. ಮನಸ್ಸು ಕುಗ್ಗುವುದೂ ಇದರ ಜೊತೆಗೇ ಇರುತ್ತದೆ. ಮಾತ್ರೆ ಬೇಕು, ನಡಿಗೆ ಬೇಕು, ಊಟದಲ್ಲಿ ಹದ ಬೇಕು, ಬಿಡದೆ ನೋಡಿಕೊಳ್ಳಬೇಕು. ಡಾಕ್ಟರ್ ಇಷ್ಟನ್ನೂ ಸಿಟ್ಟಿಲ್ಲದೆ ಹೇಳಿದರು.

ಎಲ್ಲ ಕೇಳಿದ ಮೇಲೆ ಅತ್ತಿಗೆಯದು ಒಂದೇ ಪ್ರಶ್ನೆ. ‘ಮದ್ವೆ ಆದ್ರೆ ಸರಿಹೋಗುತ್ತಾ ಡಾಕ್ಟ್ರೇ?’

‘ಮದ್ವೆ ಮಾತ್ರೆ ಅಲ್ಲಮ್ಮ.’

ಮೊದಲು ಒಂದು ವಾರದ ಮಾತ್ರೆ, ಮುಟ್ಟು ಬರಿಸಲು. ಆಮೇಲೆ ಪ್ರತಿ ತಿಂಗಳಿಗೆ ಒಂದು ಶೀಟು, ಇಪ್ಪತ್ತೊಂದು ದಿನ ನುಂಗಿ ಏಳು ದಿನ ಬಿಡುವು, ಆ ಬಿಡುವಿನಲ್ಲಿ ಮುಟ್ಟಾಗುತ್ತದೆ. ಮೂರು ಶೀಟು ಬರೆದುಕೊಟ್ಟರು. ಬಸ್ ಸ್ಟ್ಯಾಂಡಿನಲ್ಲಿ ಅನಿತ ನನ್ನ ಕೈ ಹಿಡಿದುಕೊಂಡು, ‘ಅತ್ತೆ, ನನಗೆ ಏನೋ ಆಗಿದೆ ಅಂತ ಗೊತ್ತಿತ್ತು. ಯಾರನ್ನ ಕೇಳೋದು ಅಂತ ಗೊತ್ತಿರ್ಲಿಲ್ಲ’ ಅಂದಳು. ನನ್ನನ್ನೇ ಕೇಳಬಹುದಿತ್ತಲ್ಲೇ ಎಂದು ಬೈಯಲು ಬಾಯಿ ತೆರೆದೆ. ಕೈಗುಣದ ಆ ಅಂಕಣ ನೆನಪಾಗಿ ಅವಳನ್ನು ಬಸ್ಸು ಹತ್ತಿಸಿದೆ.

ಮಾತ್ರೆ ಕೆಲಸ ಮಾಡಿತು. ಮೊದಲ ಶೀಟು ಮುಗಿದು ಅನಿತ ಕ್ರಮವಾಗಿ ಮುಟ್ಟಾದಳು. ನನಗೆ ಸಂತೋಷ. ಊರಿನಲ್ಲಿ ಮಾತ್ರ ಆಗ ಹುಳು ನಾಲ್ಕನೇ ಜ್ವರ ಎದ್ದು ಸೊಪ್ಪಿಗೆ ಬಾಯಿ ಬಿಡುತ್ತಿತ್ತು. ಅನಿತ ನಾಲ್ಕು ದಿನ ಜಗಲಿಯಲ್ಲಿ ಕೂತಳು. ಅಮ್ಮ ನನಗೆ ಫೋನ್ ಮಾಡಿದರು.

‘ಡಾಕ್ಟರಮ್ಮನ್ನ ಒಂದು ಮಾತು ಕೇಳಮ್ಮ. ಮುಂದಿನ ಬೆಳೆ ಆಗೋವರ್ಗೂ ಆ ಮಾತ್ರೆ ನಿಲ್ಸಬೋದಾ ಅಂತ.’

ನಾನು ಅಮ್ಮನ ಜನ್ಮ ಜಾಲಾಡಿದೆ. ಹುಳುವಿಗೆ ನೀನು ನೀರು ಸೋಕಿಸಿದರೆ ಕೆಡುತ್ತದೆ, ಬಾಡಿದ ಸೊಪ್ಪು ಹಾಕಿದರೆ ಕೆಡುತ್ತದೆ, ಮೊಮ್ಮಗಳು ಮುಟ್ಟಾದದ್ದಕ್ಕೆ ಯಾಕೆ ಕೆಡುತ್ತದೆ ಎಂದು ಕೂಗಾಡಿದೆ. ಅಮ್ಮ ಎಲ್ಲವನ್ನೂ ಕೇಳಿಸಿಕೊಂಡು, ‘ಸರ್ಲೇ ಬಿಡು’ ಎಂದು ಫೋನ್ ಇಟ್ಟರು. ನಾನು ಗೆದ್ದೆ ಅಂದುಕೊಂಡೆ. (ನಮ್ಮ ಅಮ್ಮನ ‘ಸರ್ಲೇ’ಗೆ ಯಾವತ್ತೂ ಸರಿ ಎಂಬ ಅರ್ಥ ಇರಲಿಲ್ಲ ಎಂಬುದು ಮರೆತಿತ್ತು.)

ಹೋದ ಭಾನುವಾರ ಊರಿಗೆ ಹೋದೆ. ಹೊಸ ಹುಳು ಎರಡನೇ ಜ್ವರದಲ್ಲಿತ್ತು. ಗೋಡೆಯ ಮೇಲೆ ಗಂಟೆಗಳ ಗುರುತು ಸರಿಯಾಗಿತ್ತು. ಎರಡನೇ ಶೀಟು ಎಷ್ಟು ಮುಗಿಯಿತು ತೋರಿಸು ಅಂದೆ. ಅನಿತ ನನ್ನ ಬರಹದ ಫ್ರೇಮಿನ ಹಿಂದೆ ಕೈ ಹಾಕಿ ಶೀಟು ಈಚೆ ತೆಗೆದಳು. ಇಪ್ಪತ್ತೊಂದು ಮಾತ್ರೆಗಳೂ ಹಾಗೇ ಇದ್ದವು.

‘ಅಜ್ಜಿ ಬೇಡ ಅಂದ್ರಾ?’

‘ಇಲ್ಲ ಅತ್ತೆ. ಯಾರೂ ಏನೂ ಅನ್ಲಿಲ್ಲ. ನಾನೇ.’

‘ಯಾಕೇ?’

ಅವಳು ದುಪಟ್ಟಾ ಎಳೆದು ಗದ್ದ ಮುಚ್ಚಿಕೊಂಡಳು.

‘ಹೋದ ಬೆಳೇಲಿ ಒಂದಿಷ್ಟು ಹುಳ ಸತ್ವು. ಪ್ರತಿ ಸಲಾನೂ ಒಂದಿಷ್ಟು ಸಾಯ್ತವೆ. ಈ ಸಲ ಎಲ್ರೂ ನನ್ನ ಕಡೆ ನೋಡಿದ್ರು. ಅತ್ತೆ, ನನ್ನ ಮುಖ ಚೆನ್ನಾಗಿಲ್ಲ ಅಂತಾರೆ, ಮೈ ಚೆನ್ನಾಗಿಲ್ಲ ಅಂತಾರೆ. ಕೈ ಒಂದು ಚೆನ್ನಾಗೈತೆ ಅಂತ ನೀವು ಪೇಪರಲ್ಲಿ ಬರೆದ್ರಿ. ಬರೋರಿಗೆಲ್ಲ ಅಜ್ಜಿ ಅದನ್ನೇ ತೋರಿಸ್ತಾರೆ. ಅದೂ ಹೋದ್ರೆ ನನ್ನ ಹತ್ರ ಇನ್ನೇನಿದೆ?’

ಇಷ್ಟು ವರ್ಷ ವಾರಕ್ಕೊಂದು ಬರೆದಿದ್ದೇನೆ. ಈ ಸಲ ಏಟು ಜೋರಾಗೇ ಬಿತ್ತು, ಪರವಾಗಿಲ್ಲ, ಯಾರಿಗೆ ಬೀಳಬೇಕಿತ್ತೋ ಆ ನನಗೇ ಬಿತ್ತು. ಅವಳ ಕಾಯಿಲೆಯ ಮೊದಲ ಲಕ್ಷಣವನ್ನು ನಾನು ಹೊಗಳಿ ಅಚ್ಚು ಹಾಕಿಸಿದ್ದೆ. ಅದಕ್ಕೆ ಗಾಜು ಹಾಕಿ ಗೋಡೆಗೆ ಹೊಡೆದರು. ಅದರ ಹಿಂದೆ ಅವಳು ಔಷಧಿ ಬಚ್ಚಿಟ್ಟಳು. ನಾನು ಅಮ್ಮನಿಗೆ ಫೋನಿನಲ್ಲಿ ಕೂಗಾಡಿದ್ದು ಯಾವ ಬಾಯಲ್ಲಿ?

ಫ್ರೇಮನ್ನು ಮೊಳೆಯಿಂದ ತೆಗೆದೆ. ಬರೆದದ್ದು ತಪ್ಪು ಕಣೇ, ನಿನ್ನ ಕೈ ಚೆನ್ನಾಗಿರುವುದು ನೀನು ಮುಟ್ಟಾಗುವುದಿಲ್ಲ ಅಂತ ಅಲ್ಲ, ನೀನು ನಿದ್ದೆಗೆಟ್ಟು ಕೆಲಸ ಕಲಿತಿದ್ದೀಯ ಅಂತ ಎಂದೆ. ತಪ್ಪು ಎಂದು ಪೇಪರಿನಲ್ಲೇ ಬರೆಯುತ್ತೇನೆ ಎಂದೂ ಹೇಳಿದೆ. ಈಗ ಬರೆದಿದ್ದೇನೆ. ಇದನ್ನು ಯಾರೂ ಫ್ರೇಮ್ ಹಾಕಿಸುವುದಿಲ್ಲ, ಅದು ಗೊತ್ತು.

‘ನಾಳೆ ಬೆಳಿಗ್ಗೆ ನನ್ನ ಜೊತೆ ಹೊರಡು, ಡಾಕ್ಟರ್ ಹತ್ರ ಹೋಗಣ’ ಅಂದೆ.

ಅನಿತ ಖಾಲಿ ಮೊಳೆಯನ್ನು ನೋಡಿದಳು. ಕಾಲು ತೊಳೆದುಕೊಂಡು ಹುಳು ಮನೆಯ ಹೊಸಿಲು ದಾಟಿದಳು. ಒಳಗಿನಿಂದಲೇ ಹೇಳಿದಳು, ‘ಈ ಹುಳ ಹಣ್ಣಾಗ್ಲಿ ಅತ್ತೆ, ಬರ್ತೀನಿ.’

ಹುಳುವಿನ ಜ್ವರಕ್ಕೆ ಗಂಟೆ ಎಣಿಸುವ ಮಹನೀಯರೇ, ನಿಮ್ಮ ಮನೆಯ ಹುಡುಗಿ ಕೊನೆಯ ಸಲ ಮುಟ್ಟಾಗಿದ್ದು ಯಾವಾಗ?